ಎಲ್‌ಇಡಿ ಹಾಕಿದರೂ ಬಿಲ್ ಇಳಿಯಲಿಲ್ಲ: ಮುಲುಂಡ್‌ನ ಒಂದು ಮನೆಯ ಪ್ರಕರಣ

ಮುಂಬೈಯ ಮುಲುಂಡ್ ಪೂರ್ವದ ಒಂದು ಹಳೇ ಹೌಸಿಂಗ್ ಸೊಸೈಟಿ. ಎರಡನೇ ಮಹಡಿಯಲ್ಲಿ ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ ಇರುವ ಮನೆ. ಇರುವವರು ನಾಲ್ಕು ಜನ: ಎಪ್ಪತ್ತು ದಾಟಿದ ಅಮ್ಮ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಊರು ಕುಂದಾಪುರದ ಕಡೆ. ಮಗನಿಗೆ ಬ್ಯಾಂಕ್ ಕೆಲಸ. ಸೊಸೆ ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುವುದು, ಪಿಕೊ, ಬ್ಲೌಸ್ ಹೊಲಿಗೆ ಮಾಡುತ್ತಾರೆ. ಎಸಿ ಇಲ್ಲ. ಗೀಸರ್ ಗ್ಯಾಸಿನದು. ಎರಡು ಫ್ಯಾನ್, ಒಂದು ಫ್ರಿಜ್, ಟಿವಿ, ಮಿಕ್ಸಿ, ಇಷ್ಟೇ.

ಮಾರ್ಚ್‌ನಲ್ಲಿ ಮಗ ಒಂದು ಭಾನುವಾರ ಕೂತು ಮನೆಯ ಹಳೇ ಬಲ್ಬುಗಳನ್ನೆಲ್ಲ ತೆಗೆದು 9 ವಾಟ್‌ನ ಎಲ್‌ಇಡಿ ಹಾಕಿದರು. ಜೂನ್ ಬರುವಷ್ಟರಲ್ಲಿ ಮನೆಯಲ್ಲಿ ನಾಲ್ಕು ದೂರು ಶುರುವಾಗಿತ್ತು. ಲೈಟ್ ಬಿಲ್ ಇಳಿಯುವ ಬದಲು ಏರಿದೆ. ಅಮ್ಮನಿಗೆ ಅಡುಗೆಮನೆಯಲ್ಲಿ ಕಣ್ಣು ಕಾಣುತ್ತಿಲ್ಲ. ಬಚ್ಚಲಿನ ಬಲ್ಬ್ ಆಗಲೇ ಎರಡು ಸಲ ಹೋಗಿದೆ. ಪ್ಯಾಸೇಜಿನ ಬಲ್ಬ್ ಸ್ವಿಚ್ ಆಫ್ ಮಾಡಿದ ಮೇಲೂ ರಾತ್ರಿಯೆಲ್ಲ ಮಿಣುಕು ಮಿಣುಕು ಅನ್ನುತ್ತದೆ. "ಎಲ್‌ಇಡಿ ಅಂದ್ರೆ ಬರೀ ಪ್ರಚಾರ ಅಣ್ಣ, ಹಳೇದೇ ಚೆನ್ನಾಗಿತ್ತು" ಅಂತ ಮಗ ತೀರ್ಮಾನ ಮಾಡಿಬಿಟ್ಟಿದ್ದರು.

ನಾನು ಪಕ್ಕದ ಕಟ್ಟಡದವನು. ವಿದ್ಯುತ್ ಕೆಲಸದಲ್ಲೇ ಬಹಳ ವರ್ಷ ಕಳೆದವನು. ಈ ಮಾತು ಈ ಮನೆಯೊಂದರಲ್ಲೇ ಕೇಳಿದ್ದಲ್ಲ. ಹಳೇ ಬಲ್ಬ್ ತೆಗೆದು ಹೊಸದು ಹಾಕಿ, ಬೇಸರವಾಗಿ, ಮತ್ತೆ ಹಳೇದನ್ನೇ ಹುಡುಕುವ ಮನೆಗಳು ಮುಂಬೈಯಲ್ಲಿ ತುಂಬ ಇವೆ. ಅದಕ್ಕೇ ಈ ಒಂದು ಮನೆಯನ್ನು ಪೂರ್ತಿ ನೋಡಿ, ಏನಾಗಿತ್ತು, ಹೇಗೆ ಸರಿಹೋಯಿತು ಅಂತ ಬರೆದಿಡುತ್ತಿದ್ದೇನೆ. ನಾಲ್ಕು ದೂರುಗಳೂ ನಿಜ. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಎಲ್ಲಕ್ಕಿಂತ ದೊಡ್ಡ ಕಾರಣ ಇದು: ಯಾವ ಬಲ್ಬಿನ ಕೆಳಗೆ ಯಾರು ಏನು ಕೆಲಸ ಮಾಡುತ್ತಾರೆ ಅಂತ ಆ ಭಾನುವಾರ ಯಾರೂ ಯಾರನ್ನೂ ಕೇಳಿರಲಿಲ್ಲ.

ಮೊದಲು ಲೆಕ್ಕ

ಬಿಲ್ ಏರಿತು ಅಂದಾಗ ನಾನು ಮೊದಲು ರೂಪಾಯಿ ನೋಡುವುದನ್ನು ಬಿಡಿಸಿದೆ. ನೋಡಬೇಕಾದ್ದು ಯೂನಿಟ್ (1,000 ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್). ಅದೂ ಹೋದ ತಿಂಗಳಿನ ಜೊತೆ ಅಲ್ಲ, ಹೋದ ವರ್ಷದ ಅದೇ ತಿಂಗಳಿನ ಜೊತೆ. ಫೆಬ್ರವರಿಯಲ್ಲಿ ಈ ಮನೆಯ ಬಳಕೆ 144 ಯೂನಿಟ್. ಮೇ ತಿಂಗಳಲ್ಲಿ 191. ಮಗ ಇವೆರಡನ್ನು ಪಕ್ಕದಲ್ಲಿಟ್ಟು ನೋಡಿ ಬೇಸರ ಮಾಡಿಕೊಂಡಿದ್ದರು. ಆದರೆ ಮೇಯಲ್ಲಿ ಮುಂಬೈಯ ಸೆಕೆ ಹೇಗಿರುತ್ತದೆ ಅಂತ ಹೇಳಬೇಕಾ? ಎರಡೂ ಫ್ಯಾನ್ ಹಗಲು ರಾತ್ರಿ ಓಡುತ್ತವೆ. ಹಳೇ ಫ್ಯಾನ್ ಒಂದಕ್ಕೆ 75 ವಾಟ್. ದಿನಕ್ಕೆ 18 ಗಂಟೆ ಅಂದರೂ ಎರಡಕ್ಕೆ ತಿಂಗಳಿಗೆ 81 ಯೂನಿಟ್. ಫೆಬ್ರವರಿಯಲ್ಲಿ ಇದು 27ರ ಹತ್ತಿರ ಇತ್ತು. ಫ್ರಿಜ್ ಕೂಡ ಸೆಕೆಗೆ ಜಾಸ್ತಿ ಹೊತ್ತು ಓಡುತ್ತದೆ. ಹಳೇ ಬಿಲ್ ತೆಗೆದು ನೋಡಿದರೆ ಹೋದ ವರ್ಷದ ಮೇಯಲ್ಲಿ 205 ಯೂನಿಟ್ ಇತ್ತು. ಅಂದರೆ ಬಳಕೆ ಇಳಿದಿತ್ತು, ಆದರೆ 14 ಯೂನಿಟ್ ಮಾತ್ರ.

ಅಷ್ಟೊಂದು ಬಲ್ಬ್ ಬದಲಾಯಿಸಿ ಬರೀ 14 ಯಾಕೆ? ಇದನ್ನು ಹುಡುಕಲು ಮೊಮ್ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟೆವು. ಯಾವ ದೀಪ ಎಷ್ಟು ಗಂಟೆ ಉರಿಯುತ್ತದೆ ಅಂತ ಅವಳು ಒಂದು ವಾರ ಬರೆದಳು. ಹಳೇ ಬಲ್ಬುಗಳ ಕಾಲದ ಲೆಕ್ಕ ಹೀಗೆ ಬಂತು.

ಅಡುಗೆಮನೆಯ 100 ವಾಟ್ ಬಲ್ಬ್ 7 ಗಂಟೆ. ಅಲ್ಲಿನ ಕಿಟಕಿ ತೆರೆಯುವುದು ಡಕ್ಟಿಗೆ, ಅಂದರೆ ಕಟ್ಟಡದ ನಡುವಿನ ಕಿರಿದಾದ ಸಂದಿಗೆ, ಹಾಗಾಗಿ ಮಟಮಟ ಮಧ್ಯಾಹ್ನವೂ ದೀಪ ಬೇಕು. ಪ್ಯಾಸೇಜಿನ 60 ವಾಟ್ 5 ಗಂಟೆ. ಹಾಲ್ ಮತ್ತು ಬೆಡ್‌ರೂಮಿನ ಟ್ಯೂಬ್‌ಲೈಟ್ 6 ಗಂಟೆ, 4 ಗಂಟೆ. ಟ್ಯೂಬಿನ ಮೇಲೆ 36 ವಾಟ್ ಅಂತ ಬರೆದಿದ್ದರೂ ಹಳೇ ತಾಮ್ರದ ಚೋಕ್ ತಿನ್ನುವುದು ಸೇರಿದರೆ 48ರ ಹತ್ತಿರ ಆಗುತ್ತದೆ. ಹಾಲಿನ ಗೋಡೆಯ 60 ವಾಟ್ 2 ಗಂಟೆ. ಬಚ್ಚಲು, ಕಕ್ಕಸಿನ 40 ವಾಟ್‌ಗಳು ತಲಾ 2 ಗಂಟೆ. ಬೆಡ್‌ರೂಮಿನ ಜೀರೋ ಬಲ್ಬ್ ರಾತ್ರಿ 8 ಗಂಟೆ. ದೇವರ ಗೂಡಿನ ಕೆಂಪು ಜೀರೋ ಬಲ್ಬ್ ದಿನದ 24 ಗಂಟೆ.

ಎಲ್ಲ ಸೇರಿ ದಿನಕ್ಕೆ 2.24 ಯೂನಿಟ್. ತಿಂಗಳಿಗೆ ಸುಮಾರು 67.

ಈ ಪಟ್ಟಿಯಲ್ಲಿ ಮಗ ಮುಟ್ಟದೇ ಬಿಟ್ಟಿದ್ದು ಜೀರೋ ಬಲ್ಬುಗಳು ಮತ್ತು ಟ್ಯೂಬುಗಳು. "ಜೀರೋ ಬಲ್ಬಿಗೆ ಎಂಥ ಕರೆಂಟ್ ಅಣ್ಣ?" ಅಂದರು. ತುಂಬ ಜನರ ನಂಬಿಕೆ ಇದು. ಹಿಂದೆ ಚಕ್ರ ತಿರುಗುವ ಮೀಟರ್ ಇದ್ದಾಗ ಅಷ್ಟು ಚಿಕ್ಕ ಲೋಡಿಗೆ ಚಕ್ರ ಸರಿಯಾಗಿ ತಿರುಗುತ್ತಿರಲಿಲ್ಲ. ಆ ನಂಬಿಕೆ ಹಾಗೇ ಉಳಿದಿದೆ. ನಿಜಕ್ಕೂ ಆ ಬಲ್ಬ್ 12ರಿಂದ 15 ವಾಟ್ ಎಳೆಯುತ್ತದೆ, ಈಗಿನ ಎಲೆಕ್ಟ್ರಾನಿಕ್ ಮೀಟರ್ ಅದನ್ನು ಬಿಡದೆ ಎಣಿಸುತ್ತದೆ. 15 ವಾಟ್ ಹಗಲು ರಾತ್ರಿ ಉರಿದರೆ ತಿಂಗಳಿಗೆ 10.8 ಯೂನಿಟ್. ಹಾಲಿನ ಟ್ಯೂಬ್‌ಲೈಟಿಗಿಂತ ಜಾಸ್ತಿ! ಈ ಮನೆಯ ದೀಪಗಳಲ್ಲಿ ಅಡುಗೆಮನೆ ಬಿಟ್ಟರೆ ಅತಿ ಹೆಚ್ಚು ಕರೆಂಟ್ ತಿನ್ನುತ್ತಿದ್ದದ್ದು ಆ ಪುಟ್ಟ ಕೆಂಪು ಬಲ್ಬೇ.

ಆದರೂ ಲೆಕ್ಕ ಪೂರ್ತಿ ಕೂಡಲಿಲ್ಲ. ಬಲ್ಬುಗಳನ್ನು ಬದಲಾಯಿಸಿದ್ದರಿಂದಲೇ ತಿಂಗಳಿಗೆ 33 ಯೂನಿಟ್ ಉಳಿಯಬೇಕಿತ್ತು. ಉಳಿದ 19 ಎಲ್ಲಿ ಹೋಯಿತು?

ಅಕ್ಕಿ ಡಬ್ಬದ ಹಿಂದಿನ ಬಲ್ಬ್

ಉತ್ತರ ಅಡುಗೆಮನೆಯಲ್ಲಿತ್ತು. ಮಗ ಕೆಲಸಕ್ಕೆ ಹೋದ ಮೇಲೆ ಅಮ್ಮ ಎಲ್‌ಇಡಿ ತೆಗೆಸಿ ಹಳೇ 100 ವಾಟ್ ಬಲ್ಬ್ ಹಾಕಿಸುತ್ತಿದ್ದರು. ಸಂಜೆ ಮತ್ತೆ ಅದನ್ನು ತೆಗೆಸಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಅದೂ ಬಿಟ್ಟು, ಹಳೇ ಬಲ್ಬೇ ಅಲ್ಲಿ ಕಾಯಂ ಆಗಿತ್ತು. ಸೊಸೆಗೆ ಗೊತ್ತಿತ್ತು, ಅತ್ತೆ ಬೇಡ ಅಂದಿದ್ದಕ್ಕೆ ಹೇಳಿರಲಿಲ್ಲ.

"ಅಕ್ಕಿಯಲ್ಲಿ ಹುಳ ಉಂಟಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ ಮಾರಾಯ. ಕಣ್ಣಿಗೆ ಕುಕ್ಕುತ್ತದೆ, ಆದ್ರೆ ಕೆಲಸಕ್ಕೆ ಬೆಳಕು ಇಲ್ಲ" ಅಂದರು ಅಮ್ಮ.

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ವಯಸ್ಸಾದವರ ಹಟ ಅಂತ ಮನೆಯವರು ತಳ್ಳಿಹಾಕಿದ್ದರು, ಅದು ನನಗೆ ಬೇಸರ ತಂದ ವಿಷಯ. ಯಾಕೆ ಕಾಣುತ್ತಿರಲಿಲ್ಲ ಅಂತ ಬಿಡಿಸಿ ಹೇಳುತ್ತೇನೆ. ಈ ಪ್ರಕರಣದ ಮುಖ್ಯ ಭಾಗ ಇದೇ.

ಒಂದು, ಬೆಳಕೇ ಕಡಿಮೆಯಾಗಿತ್ತು. ವಾಟ್ ಅಂದರೆ ಬಲ್ಬ್ ತಿನ್ನುವ ಕರೆಂಟ್. ಅದು ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಹಳೇ 100 ವಾಟ್ ಬಲ್ಬ್ 1,300ಕ್ಕೂ ಮೇಲೆ ಲ್ಯೂಮೆನ್ ಕೊಡುತ್ತದೆ. 60 ವಾಟ್ ಬಲ್ಬ್ 700 ಚಿಲ್ಲರೆ. 9 ವಾಟ್ ಎಲ್‌ಇಡಿ ಸುಮಾರು 900. ಅಂದರೆ 60 ವಾಟ್ ತೆಗೆದ ಕಡೆ 9 ವಾಟ್ ಎಲ್‌ಇಡಿ ಹಾಕಿದರೆ ಬೆಳಕು ಹೆಚ್ಚಾಗುತ್ತದೆ, 100 ವಾಟ್ ತೆಗೆದ ಕಡೆ ಹಾಕಿದರೆ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಪ್ಯಾಸೇಜಿನ ಬೆಳಕಿನ ಬಗ್ಗೆ ಯಾರೂ ದೂರದೆ ಅಡುಗೆಮನೆಯದಕ್ಕೆ ಮಾತ್ರ ದೂರು ಬಂದದ್ದು ಇದಕ್ಕೇ. ಎಲ್ಲ ಕಡೆ ಒಂದೇ ಬಲ್ಬ್ ಹಾಕಿದರೆ ಹೀಗೇ ಆಗುವುದು.

ಎರಡು, ಬೆಳಕು ಹೋಗುವ ದಿಕ್ಕು ಬದಲಾಗಿತ್ತು. ಹಳೇ ಬಲ್ಬಿನಲ್ಲಿ ತಂತಿ ನಡುವೆ ಉರಿಯುತ್ತದೆ, ಗಾಜಿನ ಎಲ್ಲ ಕಡೆಯಿಂದ ಬೆಳಕು ಬರುತ್ತದೆ. ಎಲ್‌ಇಡಿ ಬಲ್ಬಿನ ಅರ್ಧ ಭಾಗ ಪ್ಲಾಸ್ಟಿಕ್ ಮೈ, ಒಳಗೆ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಮಾಡಿಕೊಡುವ ಸರ್ಕಿಟ್ ಇರುತ್ತದೆ. ಬೆಳಕು ಹೆಚ್ಚಾಗಿ ಮುಂದಕ್ಕೇ ಹೋಗುತ್ತದೆ. ಈ ಮನೆಯ ಅಡುಗೆಮನೆಯಲ್ಲಿ ಹೋಲ್ಡರ್ ಬಾಗಿಲಿನ ಮೇಲೆ, ಗೋಡೆಯಿಂದ ಓರೆಯಾಗಿ ಹೊರಗೆ ಚಾಚಿಕೊಂಡಿತ್ತು. ಅಲ್ಲಿ ಹಳೇ ಬಲ್ಬ್ ಇದ್ದಾಗ ಸೀಲಿಂಗ್, ಗೋಡೆ, ನೆಲ ಎಲ್ಲ ಬೆಳಗುತ್ತಿತ್ತು. ಸುಣ್ಣದ ಗೋಡೆಗೆ ಬಡಿದು ವಾಪಸ್ ಬರುವ ಬೆಳಕು ಅಡುಗೆ ಕಟ್ಟೆಗೂ ಬೀಳುತ್ತಿತ್ತು. ಎಲ್‌ಇಡಿ ಹಾಕಿದ ಮೇಲೆ ಬೆಳಕೆಲ್ಲ ನೇರ ಎದುರಿನ ಅಟ್ಟಕ್ಕೆ ಹೊಡೆಯುತ್ತಿತ್ತು. ಅಟ್ಟದ ಮೇಲಿನ ಹಳೇ ಪಾತ್ರೆಗಳು ಚೆನ್ನಾಗಿ ಕಾಣುತ್ತಿದ್ದವು. ಕಟ್ಟೆಯ ಮುಂದೆ ನಿಂತ ಅಮ್ಮನ ಕೈಯ ಮೇಲೆ ಅವರದೇ ನೆರಳು.

ಮೂರು, ಬೆಳಕಿನ ಬಣ್ಣ. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಲೇಪನ ಹಚ್ಚಿ ಬಿಳಿ ಮಾಡುತ್ತಾರೆ. ಆ ನೀಲಿ ಎಲ್‌ಇಡಿಯನ್ನು ಸಾಧ್ಯ ಮಾಡಿದ್ದಕ್ಕೇ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಸಿಕ್ಕಿತು. ಲೇಪನ ಹೇಗಿದೆ ಅನ್ನುವುದರ ಮೇಲೆ ಬಣ್ಣ ನಿಲ್ಲುತ್ತದೆ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತಿದ್ದರೆ ಹಳೇ ಬಲ್ಬಿನ ಹಾಗೆ ಹಳದಿ. 4000 ಅಂದರೆ ನಡುವಿನದು. 6500 ಅಂದರೆ ನೀಲಿ ಛಾಯೆಯ ಬಿಳಿ. ನಮ್ಮ ಅಂಗಡಿಗಳಲ್ಲಿ ಕೇಳದೇ ಕೊಡುವುದು 6500. ಮಗ ತಂದದ್ದೂ ಅದನ್ನೇ.

ವಯಸ್ಸಾದ ಕಣ್ಣಿನ ಮಸೂರ ಹಳದಿಯಾಗುತ್ತಾ ಬರುತ್ತದೆ, ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ. ಇಪ್ಪತ್ತರ ಕಣ್ಣಿನ ಒಳಗೆ ಹೋಗುವ ಬೆಳಕಿನ ಮೂರನೇ ಒಂದು ಪಾಲಿನಷ್ಟೇ ಅರವತ್ತರ ಕಣ್ಣಿನ ಹಿಂಬದಿಯನ್ನು ಮುಟ್ಟುತ್ತದೆ ಅನ್ನುತ್ತಾರೆ. ಅದೇ ಹೊತ್ತಿಗೆ ಕಣ್ಣೆದುರಿನ ಚೂಪು ಬೆಳಕು ಮಸೂರದೊಳಗೆ ಚದುರಿ ಜಾಸ್ತಿ ತೊಂದರೆ ಕೊಡುತ್ತದೆ. ಹಾಗಾಗಿ ಒಂದೇ ಬಲ್ಬ್ "ಕುಕ್ಕುತ್ತದೆ" ಮತ್ತು "ಬೆಳಕಿಲ್ಲ" ಎರಡೂ ಆಗಬಹುದು. ಅಮ್ಮ ಹೇಳಿದ್ದು ಅಕ್ಷರಶಃ ಇದನ್ನೇ ಅಲ್ವಾ?

ಬಾಗಿಲ ಮೇಲಿನ ಹೋಲ್ಡರನ್ನು ಹಾಗೇ ಬಿಟ್ಟೆವು. ಅಡುಗೆ ಕಟ್ಟೆಯ ಮೇಲಿನ ಗೋಡೆಗೆ 20 ವಾಟ್‌ನ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನ ಹಾಗೆ ಉದ್ದನೆಯ ದೀಪ) ಹಾಕಿಸಿದೆವು, 4000 ಕೆಲ್ವಿನ್‌ನದು. ಸುಮಾರು 2,000 ಲ್ಯೂಮೆನ್ ಬೆಳಕು, ನಿಂತವರ ಎದುರಿನಿಂದ, ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ನೇರ ಕಟ್ಟೆಗೆ ಬೀಳುತ್ತದೆ. ಎಲ್ಲಿ ಹಾಕಬೇಕು ಅಂತ ಗುರುತು ಹಾಕಿದ್ದು ಅಮ್ಮನೇ. ವಾಯರ್‌ಮನ್ ಬ್ಯಾಟನ್ನನ್ನು ಕೈಯಲ್ಲಿ ಹಿಡಿದು ಆಚೆ ಈಚೆ ಮಾಡಿದ, ಅಮ್ಮ ಗೆರಸಿಯಲ್ಲಿ ಅಕ್ಕಿ ಹರಡಿಕೊಂಡು ನೋಡಿದರು. ಸರಿ ಅಂದ ಜಾಗಕ್ಕೆ ಮೊಳೆ ಹೊಡೆದದ್ದು.

ಸೊಸೆಯ ಹೊಲಿಗೆ ಮೂಲೆಗೂ ಇದೇ ಮಾತು ಅನ್ವಯಿಸುತ್ತದೆ. ಅವರು ಏನೂ ದೂರಿರಲಿಲ್ಲ. ಕೇಳಿದಾಗ, "ಮೆರೂನಿಗೆ ಕಂದು ದಾರ ಹಾಕಿಬಿಡ್ತೇನೆ ಅಣ್ಣ, ಬೆಳಿಗ್ಗೆ ಬಿಚ್ಚಬೇಕಾಗ್ತದೆ" ಅಂದರು. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಳತೆ ಇದೆ. ಹಳೇ ಬಲ್ಬಿಗೆ ಅದು ಹೆಚ್ಚುಕಡಿಮೆ 100. ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು, ಅದರಲ್ಲೂ ಗಾಢ ಕೆಂಪು ಸೋಲುತ್ತದೆ. ಅವರ ಮೆಶೀನಿನ ಪಕ್ಕಕ್ಕೆ ಸಿಆರ್‌ಐ 90ರ ಮೇಲಿರುವ ಒಂದು 9 ವಾಟ್ ಬಲ್ಬನ್ನು ಬಾಗಿಸುವ ದೀಪಕ್ಕೆ ಹಾಕಿಕೊಟ್ಟೆವು. ಬೆಲೆ ಸ್ವಲ್ಪ ಜಾಸ್ತಿ. ದುಡಿಯುವ ಕೈಗೆ ಅಷ್ಟು ಖರ್ಚು ಮಾಡಲೇಬೇಕು.

ಆರಿಸಿದರೂ ಮಿಣುಕುವ ಬಲ್ಬ್

ಪ್ಯಾಸೇಜಿನ ಬಲ್ಬನ್ನು ಮನೆಯವರು ತಮಾಷೆಯಾಗಿ ತೆಗೆದುಕೊಂಡಿದ್ದರು. ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸಿದ್ದು ಅದೇ.

ಸ್ವಿಚ್ ಆಫ್ ಇದ್ದಾಗ ಎಲ್‌ಇಡಿ ಮಂದವಾಗಿ ಉರಿಯಲು ಸಾಮಾನ್ಯವಾಗಿ ಎರಡು ಕಾರಣ. ಸ್ವಿಚ್ಚಿನಲ್ಲೇ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಚೂರೇ ಚೂರು ಕರೆಂಟ್ ಹರಿಯುತ್ತದೆ, ಅದರಿಂದ ಅಪಾಯವಿಲ್ಲ. ಇಲ್ಲಿ ಅಂಥ ಸ್ವಿಚ್ ಇರಲಿಲ್ಲ. ಇನ್ನೊಂದು ಕಾರಣ, ಸ್ವಿಚ್ ಕರೆಂಟ್ ತರುವ ಫೇಸ್ ತಂತಿಯನ್ನು ಕಡಿಯುವ ಬದಲು ವಾಪಸ್ ಒಯ್ಯುವ ನ್ಯೂಟ್ರಲ್ ತಂತಿಯನ್ನು ಕಡಿಯುವಂತೆ ವೈರಿಂಗ್ ಆಗಿರುವುದು. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನವರೆಗೆ ಫೇಸ್ ಬಂದು ನಿಂತಿರುತ್ತದೆ. ತಂತಿಗಳ ನಡುವೆ ಸೋರುವ ಅತಿ ಸಣ್ಣ ಕರೆಂಟೇ ಎಲ್‌ಇಡಿಯನ್ನು ಮಿಣುಕಿಸಲು ಸಾಕು. ಹಳೇ ಬಲ್ಬಿನ ತಂತಿ ಸುಮಾರು 2,500 ಡಿಗ್ರಿಗೆ ಕಾದರೆ ಮಾತ್ರ ಚೆನ್ನಾಗಿ ಬೆಳಗುವುದು. ಅಷ್ಟು ಚಿಕ್ಕ ಕರೆಂಟಿಗೆ ಅದು ಬೆಚ್ಚಗೂ ಆಗುವುದಿಲ್ಲ. ಹಾಗಾಗಿ ಈ ತಪ್ಪು ಎಷ್ಟೋ ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ವಾಯರ್‌ಮನ್ ಸ್ವಿಚ್ ಆಫ್ ಮಾಡಿ ಹೋಲ್ಡರಿಗೆ ಟೆಸ್ಟರ್ ಮುಟ್ಟಿಸಿದ. ಟೆಸ್ಟರ್ ಉರಿಯಿತು. ಸ್ವಿಚ್ ಆರಿಸಿದ್ದೇನೆ ಅನ್ನುವ ಧೈರ್ಯದಲ್ಲಿ ಈ ಮನೆಯವರು ಇಷ್ಟು ಕಾಲ ಸ್ಟೂಲ್ ಹತ್ತಿ ಆ ಹೋಲ್ಡರಿಗೆ ಕೈ ಹಾಕುತ್ತಿದ್ದರು. ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುವ ಕಟ್ಟಡ ಬೇರೆ. ಸ್ವಿಚ್‌ಬೋರ್ಡ್ ಬಿಚ್ಚಿ ತಂತಿ ಅದಲುಬದಲು ಮಾಡಿ ಸರಿಪಡಿಸಿದ್ದಾಯಿತು. ಬಹಳ ಹೊತ್ತಿನ ಕೆಲಸವಲ್ಲ, ಆದರೆ ದಯವಿಟ್ಟು ನೀವೇ ಮಾಡಲು ಹೋಗಬೇಡಿ. ನಿಮ್ಮ ಮನೆಯಲ್ಲೂ ಬಲ್ಬ್ ಹೀಗೆ ಮಿಣುಕುತ್ತಿದ್ದರೆ ಲೈಸೆನ್ಸ್ ಇರುವ ವಾಯರ್‌ಮನ್‌ನನ್ನು ಕರೆಸಿ. ಅಲ್ಲಿಯವರೆಗೆ ಬಲ್ಬ್ ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ.

ಬಚ್ಚಲಿನ ಬಲ್ಬ್

ಇದು ಬೇಗ ಮುಗಿಯಿತು. ಸ್ಟೇಶನ್ ಹತ್ತಿರ ರಸ್ತೆ ಬದಿಯಲ್ಲಿ ತಂದ ಬಲ್ಬ್, ಡಬ್ಬಿಯ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ಇಲ್ಲ, ವಾರಂಟಿ ಇಲ್ಲ. ಅದನ್ನು ಗಾಳಿಯೇ ಆಡದ ದುಂಡು ಗಾಜಿನ ಬುರುಡೆಯ ಒಳಗೆ ಹಾಕಿದ್ದರು. ಎಲ್‌ಇಡಿ ಬಲ್ಬ್ 25,000 ಗಂಟೆ ಬಾಳುತ್ತದೆ ಅಂತ ಬರೆದಿರುತ್ತಾರೆ, ಹಳೇ ಬಲ್ಬಿನ 1,000 ಗಂಟೆಗೆ ಹೋಲಿಸಿದರೆ ಅದು ದೊಡ್ಡದೇ. ಆದರೆ ಶಾಖ ಹೊರಗೆ ಹೋಗದಿದ್ದರೆ ಒಳಗಿನ ಡ್ರೈವರಿನ ಕೆಪ್ಯಾಸಿಟರ್ ಬೇಗ ಒಣಗಿ ಸಾಯುತ್ತದೆ. ಬುರುಡೆ ತೆಗೆದು, ಗುರುತು ಇರುವ ಬಲ್ಬ್ ಹಾಕಿ, ಅದರ ಮೈಮೇಲೆ ಮಾರ್ಕರಿನಲ್ಲಿ ಕೊಂಡ ತಾರೀಕು ಬರೆದೆವು. ಬಿಲ್ ಕಳೆದರೂ ತಾರೀಕು ಇರಲಿ ಅಂತ.

ಎಲ್‌ಇಡಿಯೇ ಕೆಟ್ಟದ್ದು ಅನ್ನುವ ಮಾತಿಗೆ ಈ ಮನೆಯಲ್ಲೇ ಉತ್ತರವಿತ್ತು. ಮೊದಲೊಮ್ಮೆ ಸರ್ಕಾರದ ಉಜಾಲಾ ಯೋಜನೆಯಲ್ಲಿ ತಂದ ಒಂದು ಬಲ್ಬನ್ನು ಹಾಲಿನ ಗೋಡೆಗೆ ಈ ಸಲ ಹಾಕಿದ್ದರು, ಅದು ಈಗಲೂ ಉರಿಯುತ್ತಿದೆ. 2015ರ ಜನವರಿಯಲ್ಲಿ ಶುರುವಾದ ಆ ಯೋಜನೆಯಲ್ಲಿ ಸರ್ಕಾರಿ ಕಂಪನಿ ಇಇಎಸ್‌ಎಲ್ ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿತು. ಒಟ್ಟಿಗೆ ಕೊಂಡದ್ದರಿಂದ 2014ರಲ್ಲಿ ಸುಮಾರು ₹310 ಇದ್ದ ಸಗಟು ದರ 2016ರ ಹೊತ್ತಿಗೆ ₹40ಕ್ಕೂ ಕೆಳಗೆ ಬಂತು. ನಮ್ಮಂಥ ಮನೆಗಳಿಗೆ ಎಲ್‌ಇಡಿ ಬಂದದ್ದೇ ಆ ದಾರಿಯಲ್ಲಿ.

ಮುಗಿದ ಮೇಲೆ

ಎರಡು ಟ್ಯೂಬುಗಳ ಜಾಗಕ್ಕೆ 20 ವಾಟ್‌ನ ಬ್ಯಾಟನ್ ಬಂತು. ದೇವರ ಗೂಡಿಗೆ ಮತ್ತು ಬೆಡ್‌ರೂಮಿಗೆ ಅರ್ಧ ವಾಟ್‌ನ ಎಲ್‌ಇಡಿ ನೈಟ್ ಲ್ಯಾಂಪ್. ದೇವರಿಗೆ ಕೆಂಪೇ ಬೇಕು ಅಂದರು ಅಮ್ಮ, ಕೆಂಪೇ ತಂದೆವು. ಬ್ಯಾಟನ್‌ಗಳನ್ನು ವಾಯರ್‌ಮನ್ ಮುಂಬೈಯ ಎಲೆಕ್ಟ್ರಿಕ್ ಸಾಮಾನಿನ ಪೇಟೆ ಲೋಹಾರ್ ಚಾಳಿನಿಂದ ತಂದ. ತೆಗೆದ ಟ್ಯೂಬುಗಳು, ಅಟ್ಟದಲ್ಲಿದ್ದ ಹಳೇ ಸಿಎಫ್‌ಎಲ್‌ಗಳು ಕಸದ ಡಬ್ಬಕ್ಕೆ ಹೋಗಲಿಲ್ಲ. ಅವುಗಳಲ್ಲಿ ಪಾದರಸ ಇರುತ್ತದೆ, ಒಡೆದರೆ ಕಸ ಎತ್ತುವವರ ಮೂಗಿಗೆ ಹೋಗುತ್ತದೆ. 2016ರ ನಿಯಮದಿಂದ ಅವೂ ಇ-ತ್ಯಾಜ್ಯವೇ. ಸೊಸೈಟಿಯ ಇ-ತ್ಯಾಜ್ಯದ ಪೆಟ್ಟಿಗೆಗೆ ಸುತ್ತಿ ಇಟ್ಟೆವು.

ಈಗ ದೀಪಗಳ ಲೆಕ್ಕ ದಿನಕ್ಕೆ ಅರ್ಧ ಯೂನಿಟ್ ಒಳಗೆ, ತಿಂಗಳಿಗೆ 14.5ರ ಹತ್ತಿರ. 67ರಿಂದ ಇಲ್ಲಿಗೆ. ಅಡುಗೆಮನೆಯಲ್ಲಿ ಮೊದಲಿಗಿಂತ ಜಾಸ್ತಿ ಬೆಳಕಿದೆ, ಹೊಲಿಗೆಗೆ ಹೊಸದಾಗಿ ಒಂದು ದೀಪ ಸೇರಿದೆ, ಆದರೂ ಇಷ್ಟು ಇಳಿದಿದೆ. ಸಾಮಾನು, ಕೂಲಿ ಸೇರಿ ₹2,400 ಆಯಿತು. ಯೂನಿಟ್‌ಗೆ ₹8 ಹಿಡಿದರೂ ತಿಂಗಳಿಗೆ ₹420 ಉಳಿಯುತ್ತದೆ, ಆರು ತಿಂಗಳಲ್ಲಿ ಖರ್ಚು ವಾಪಸ್.

ಮುಂದಿನ ಫೆಬ್ರವರಿಯ ಬಿಲ್ 92 ಯೂನಿಟ್ ಬಂತು. ಹಿಂದಿನ ಫೆಬ್ರವರಿಯಲ್ಲಿ 144. ಇದರಲ್ಲಿ ಇನ್ನೊಂದು ಲಾಭವಿದೆ. ಮುಲುಂಡಿಗೆ ಕರೆಂಟ್ ಕೊಡುವ ಮಹಾವಿತರಣದ ದರ ಮೆಟ್ಟಿಲು ಮೆಟ್ಟಿಲಾಗಿದೆ: 100 ಯೂನಿಟ್‌ವರೆಗೆ ಒಂದು, 101ರಿಂದ 300ಕ್ಕೆ ಇನ್ನೊಂದು, ಹೀಗೆ. ಎರಡನೇ ಮೆಟ್ಟಿಲಿನ ದರ ಮೊದಲಿನದಕ್ಕಿಂತ ತುಂಬ ಜಾಸ್ತಿ. ದೀಪದಲ್ಲಿ ಉಳಿಸಿದ ಯೂನಿಟ್‌ಗಳಲ್ಲಿ ಹೆಚ್ಚಿನವು ಆ ದುಬಾರಿ ಮೆಟ್ಟಿಲಿನವು.

ಇನ್ನು ಈ ಮನೆಯ ದೀಪಗಳಲ್ಲಿ ಉಳಿಸಲು ಹೆಚ್ಚೇನೂ ಇಲ್ಲ. ಬೇಸಿಗೆಯ 81 ಯೂನಿಟ್ ಫ್ಯಾನಿನದು. 30 ವಾಟ್ ಆಸುಪಾಸಿನ ಬಿಎಲ್‌ಡಿಸಿ ಅನ್ನುವ ಕಡಿಮೆ ಕರೆಂಟಿನ ಫ್ಯಾನ್ ಹಾಕಿದರೆ ಅದು 32ಕ್ಕೆ ಇಳಿಯುತ್ತದೆ. ಮಗ ಬೆಲೆ ವಿಚಾರಿಸುತ್ತಿದ್ದಾರೆ. ಕೊಳ್ಳುವ ಮೊದಲು ಗಾಳಿಯ ಅಳತೆ ನೋಡಿ ಅಂದಿದ್ದೇನೆ, ಅಮ್ಮ ಮಲಗುವ ಮಂಚ ಯಾವ ಕಡೆ ಇದೆ ಅನ್ನುವುದನ್ನೂ.